ಹಳೆಯ ಕಂಪ್ಯೂಟರ್ ಕೊಟ್ಟ ಲೆಕ್ಕ

ಜನವರಿ ೯

ಪ್ರೀತಿಯ ಕಡ್ಡಿಗೆ ನಿನ್ನ ಸೋದರಮಾವನ ಆಶೀರ್ವಾದ.

ಫೋನು ಇರುವಾಗ ಈ ಮನುಷ್ಯ ಕಾಗದ ಯಾಕೆ ಬರೆಯುತ್ತಾನೆ ಎಂದು ನಗಬೇಡ. ನನ್ನ ಗಂಟಲು ಪಂಪಿನ ಸದ್ದಿನ ಜೊತೆ ಜಗಳವಾಡಿ ಬೆಳೆದದ್ದು. ಗುಟ್ಟು ಹೇಳೋಣ ಎಂದು ದನಿ ತಗ್ಗಿಸಿದರೂ ಬೀದಿ ತುದಿಯ ಕ್ಷೌರದಂಗಡಿಯವನು “ಆಮೇಲೇನಾಯ್ತು?” ಎಂದು ಕೇಳುತ್ತಾನೆ. ಇನ್ನು ನಿನ್ನ ಅತ್ತೆಯ ಕಿವಿಗೆ ಗೋಡೆ ಲೆಕ್ಕಕ್ಕೇ ಇಲ್ಲ. ಉತ್ತರವನ್ನು ಮನೆಗೆ ಹಾಕಬೇಡ, ಪಂಪಿನ ಅಂಗಡಿಗೆ ಹಾಕು.

ವಿಷಯ ಇಷ್ಟು. ಕತ್ತಿನ ಬುಡದಲ್ಲಿ ಶುರುವಾದ ನನ್ನ ಬೆನ್ನುನೋವು ಬರೀ ಬೆನ್ನುನೋವಲ್ಲವಂತೆ. ಬೆನ್ನುಹುರಿಗೆ ಒರಗಿಕೊಂಡು ಒಂದು ಗಡ್ಡೆ ಕೂತಿದೆ. ಒಳ್ಳೆಯ ಜಾತಿಯದಲ್ಲ. ಡಾಕ್ಟರ್ ಬಲು ಮರ್ಯಾದಸ್ಥ ಹುಡುಗ. “ಯಜಮಾನ್ರೇ, ಇದು ಕತ್ತರಿ ಹಾಕೋ ಜಾಗ ಅಲ್ಲ. ಕಿರಣ ಕೊಟ್ಟು ಸುಡಬೇಕು. ಗಡ್ಡೆ ಸುಡಬೇಕು, ಪಕ್ಕದ ಹುರಿ ಉಳೀಬೇಕು, ಅಷ್ಟೇ ಕಷ್ಟ ಇರೋದು. ಲೆಕ್ಕ ಮಾಡಿಸಿದೀವಿ. ಹುರಿಗೆ ತಾಗೋದು ಮಿತಿಯೊಳಗೇ ಇದೆ. ನಿಮ್ಮ ಸರದಿ ಮಾರ್ಚಲ್ಲಿ ಬರತ್ತೆ” ಎಂದ. ಲೆಕ್ಕ ಮಾಡಿದ್ದು ಯಾರಪ್ಪಾ ಎಂದು ಕೇಳಿದರೆ ನಿಮ್ಮದೇ ಕೇಂದ್ರದ ಹೆಸರು ಹೇಳುತ್ತಾನೆ! ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. “ಅಲ್ಲಿ ಕಂಪ್ಯೂಟರನ್ನೆಲ್ಲ ಕುಣಿಸೋಳು ನಮ್ಮ ಅಕ್ಕನ ಮಗಳು. ಅವಳಿಗೆ ಮಗ್ಗಿ ಕಲಿಸಿದ್ದು ಏಳನೇ ಕ್ಲಾಸು ಓದಿದ ಈ ಮಾವ” ಎಂದು ಎದೆ ತಟ್ಟಿಕೊಂಡೆ. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಒಂದು ಸುತ್ತು ಹೇಳಿ ಬಂದೆ. ಒಬ್ಬ ಬಸ್ ಕಂಡಕ್ಟರ್ ಅಂತೂ ಎದ್ದು ನನಗೆ ಜಾಗ ಬಿಟ್ಟುಕೊಟ್ಟ.

ನಿನ್ನ ಅತ್ತೆಗೆ ನರ ಗಂಟು ಕಟ್ಟಿದೆ, ಯಂತ್ರದಲ್ಲಿ ಕಾಯಿಸುತ್ತಾರೆ ಎಂದಿದ್ದೇನೆ. ಕಾಯಿಸಿ ವಾಸಿಯಾದ ಮೇಲೆ ನಿಜ ಹೇಳಿದರಾಯಿತು. ಹೇಗೂ ಲೆಕ್ಕ ನಮ್ಮ ಕಡೆಗಿದೆ.

ಹೊಸ ಕಂಪ್ಯೂಟರ್ ಬಂದಿದೆ, ಕೆಲಸ ಹೆಚ್ಚು ಎಂದಿದ್ದೆಯಲ್ಲ, ಏನು ಅಂಥ ಘನಂದಾರಿ ಕೆಲಸ, ಬರೆ.

ಇಂತಿ ನಿನ್ನ ಮಾವ,
ಸತ್ತ ಪಂಪುಗಳನ್ನು ಬದುಕಿಸುವ ಏಕೈಕ ಪುರುಷ


ಜನವರಿ ೨೦

ಮಾವ,

ನಿಮ್ಮ ಕಾಗದವನ್ನು ನಿಂತುಕೊಂಡೇ ಓದಿದೆ. ಆಮೇಲೆ ನಿಮ್ಮ ಫೈಲು ತೆಗೆದು ನೋಡಿದೆ. ಹೌದು, ಲೆಕ್ಕ ನಮ್ಮ ಹಳೆಯ ಕಂಪ್ಯೂಟರಿನಲ್ಲೇ ಆಗಿದೆ. ಡಾಕ್ಟರ್ ಹೇಳಿದ ಹಾಗೆಯೇ ಇದೆ. ಅತ್ತೆಗೆ ಹೇಳಿಬಿಡಿ ಅನ್ನಬೇಕು ಅನಿಸಿತು. ನೀವು ಕೇಳುವುದಿಲ್ಲ, ಅದಕ್ಕೆ ಬಿಟ್ಟೆ.

ನನ್ನ ಕೆಲಸ ಕೇಳಿದ್ದೀರಿ. ಕಿರಣ ಮೈಯೊಳಗೆ ಎಲ್ಲಿ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಇದೆ. ಅದು ಲಿನಕ್ಸ್ ಎನ್ನುವ ವ್ಯವಸ್ಥೆಯ ಮೇಲೆ ಓಡುತ್ತದೆ. ಹಳೆಯ ಕಂಪ್ಯೂಟರಿಗೆ ವಯಸ್ಸಾಯಿತು. ಹೊಸದಕ್ಕೆ ಲಿನಕ್ಸ್ ಹಾಕಿ ಅದರ ಮೇಲೆ ಪ್ರೋಗ್ರಾಂ ಕೂರಿಸುವುದು ನನ್ನ ಪಾಲಿಗೆ ಬಂದಿದೆ. ಕೂರಿಸಿದರೆ ಮುಗಿಯಲಿಲ್ಲ. ಅದನ್ನು ಬರೆದವರು ಜೊತೆಗೆ ಒಂದಷ್ಟು ಪರೀಕ್ಷೆಯ ಲೆಕ್ಕಗಳನ್ನೂ ಅವುಗಳ ಸರಿ ಉತ್ತರಗಳನ್ನೂ ಕೊಟ್ಟಿರುತ್ತಾರೆ. ಒಂದು ಆಜ್ಞೆ ಕೊಟ್ಟರೆ ಕಂಪ್ಯೂಟರ್ ಆ ಲೆಕ್ಕಗಳನ್ನು ತಾನೇ ಮಾಡಿ, ಉತ್ತರ ತಾಳೆ ನೋಡಿ, ಪಾಸೋ ಫೇಲೋ ಹೇಳುತ್ತದೆ.

ಹಳೆಯದರಲ್ಲಿ ಎಲ್ಲ ಪಾಸು. ಹೊಸದಕ್ಕೆ ಅಲ್ಲಿಂದಲೇ ಪ್ರೋಗ್ರಾಮನ್ನೂ ಉತ್ತರಗಳನ್ನೂ ನಕಲು ಮಾಡಿಕೊಂಡು ಕೂರಿಸಿದೆ. ಮೂಳೆ, ಶ್ವಾಸಕೋಶ ಬರುವ ಲೆಕ್ಕಗಳೆಲ್ಲ ಫೇಲು. ಸಾಹೇಬರು “ನಿನ್ನ ಇನ್‌ಸ್ಟಾಲೇ ಸರಿಯಿಲ್ಲ, ಇನ್ನೊಂದು ಸಲ ಹಾಕು” ಎನ್ನುತ್ತಾರೆ. ಹಾಕಿದೆ. ಮತ್ತೆ ಅದೇ. ಎಲ್ಲೋ ನಾನೇ ತಪ್ಪುತ್ತಿದ್ದೇನೆ.

ನಿಮ್ಮ
ಕಡ್ಡಿ


ಫೆಬ್ರವರಿ ೨

ಕಡ್ಡಿ ಮಹಾರಾಣಿಯವರಿಗೆ,

ಓದಿದೆ. ಅರ್ಧ ಅರ್ಥವಾಯಿತು, ಇನ್ನರ್ಧವನ್ನು ನನ್ನ ಬುದ್ಧಿಯಿಂದ ತುಂಬಿಕೊಂಡೆ. ಇಷ್ಟಕ್ಕೆ ತಲೆ ಕೆಡಿಸಿಕೊಂಡಿದ್ದೀಯಲ್ಲೇ! ನಾನು ಪಂಪು ರಿಪೇರಿ ಮಾಡಿ ಪರೀಕ್ಷೆ ಮಾಡುವುದು ಹೇಗೆ ಗೊತ್ತೇನು? ಪಕ್ಕದಲ್ಲಿ ನನ್ನ ಹಳೆಯ ಪಂಪು ಒಂದನ್ನು ಓಡಿಸುತ್ತೇನೆ. ಎರಡರ ನೀರೂ ಒಂದೇ ಹೊತ್ತಿಗೆ ಪೀಪಾಯಿ ತುಂಬಿಸಿದರೆ ಸರಿ. ಹೊಸದು ಹೆಚ್ಚು ಕಡಿಮೆ ಮಾಡಿದರೆ ಎರಡೇಟು ಹಾಕಿ ದಾರಿಗೆ ತರುತ್ತೇನೆ. ಹಳೆಯದರ ಮಾತೇ ಮಾತು. ನಿನ್ನ ಹೊಸ ಕಂಪ್ಯೂಟರಿಗೂ ಎರಡು ಹಾಕು.

ಇಲ್ಲಿಯ ಸುದ್ದಿ. ಕಿರಣ ಕೊಡುವಾಗ ಅಲುಗಾಡದೆ ಇರಲಿ ಎಂದು ನನ್ನ ಮೈಯಳತೆಗೆ ಒಂದು ಅಚ್ಚು ಮಾಡಿದ್ದಾರೆ. ಆಸ್ಪತ್ರೆಯ ಹುಡುಗಿ “ತಾತಾ, ಉಸಿರಾಡಿ, ಆದ್ರೆ ಮಾತಾಡಬೇಡಿ” ಎಂದಳು. “ಮಾತು ನಿಂತ್ರೆ ನನಗೆ ಉಸಿರೂ ನಿಲ್ಲತ್ತಮ್ಮಾ” ಎಂದೆ. ನಕ್ಕು ಎರಡು ಸಲ ಅಚ್ಚು ಕೆಡಿಸಿದಳು.

ಹೊರಗೆ ಕಂಡಕ್ಟರ್ ಸಿಕ್ಕಿದ್ದ. ಅವನಿಗೆ ಗಡ್ಡೆ ದವಡೆಯಲ್ಲಿ. ಅವನ ಸರದಿಯೂ ಮಾರ್ಚಲ್ಲೇ.

“ನಿಮ್ಮ ಹುಡುಗಿಗೆ ಹೇಳಿ ನಮ್ಮದೂ ಸ್ವಲ್ಪ ನೋಡ್ಕೊಳ್ಳೋಕೆ ಹೇಳಿ ಅಣ್ಣಾ.”

“ಹೇಳೋದೇನು ಬಂತು, ನನ್ನ ಕಡೆಯವನು ಅಂದ್ರೆ ಸಾಕು.”

“ರಿಯಾಯ್ತಿ ಸಿಗತ್ತಾ?”

“ಕಿರಣದಲ್ಲಿ ರಿಯಾಯ್ತಿ ಕೊಟ್ರೆ ಗಡ್ಡೆ ಅರ್ಧ ಉಳಿಯತ್ತಲ್ಲಪ್ಪಾ!”

ಬೆಂಚೆಲ್ಲ ನಕ್ಕಿತು. ನಗುವುದಕ್ಕೆ ಅವನು ಕೈಯಿಂದ ದವಡೆ ಹಿಡಿದುಕೊಳ್ಳಬೇಕು, ಪಾಪ.

ಎಡಗಾಲು ಆಗಾಗ ಜುಮ್ಮೆನ್ನುತ್ತದೆ. ನಿನ್ನ ಅತ್ತೆ ದಿನವೂ ಉಜ್ಜುತ್ತಾಳೆ. ಕಾಯಿಸಿದ ಮೇಲೆ ಇದೂ ಹೋಗತ್ತಲ್ವಾ ಎನ್ನುತ್ತಾಳೆ. ಹೋಗದೆ ಇನ್ನೆಲ್ಲಿಗೆ?

ಇಂತಿ,
ಮಾತು ನಿಲ್ಲದ ಮಾವ


ಫೆಬ್ರವರಿ ೧೭

ಮಾವ,

ಇದನ್ನು ಸಾಹೇಬರಿಗಿಂತ ಮೊದಲು ನಿಮಗೆ ಬರೆಯುತ್ತಿದ್ದೇನೆ. ಸರಿಯೋ ತಪ್ಪೋ ಗೊತ್ತಿಲ್ಲ.

ಪ್ರೋಗ್ರಾಂ ಬರೆದವರಿಂದಲೇ ಹೊಸ ಪ್ರತಿ ತರಿಸಿ, ಎಲ್ಲ ಅಳಿಸಿ ಮೊದಲಿನಿಂದ ಹಾಕಿದೆ. ಹೊಸ ಕಂಪ್ಯೂಟರಿನಲ್ಲಿ ಎಲ್ಲ ಪಾಸಾಯಿತು. ಹಾಗಿದ್ದರೆ ಆಗ ಯಾಕೆ ಫೇಲಾಗಿತ್ತು? ಅವರು ಕೊಟ್ಟ ಉತ್ತರಗಳನ್ನೂ ನಮ್ಮ ಹಳೆಯ ಕಂಪ್ಯೂಟರಿನಲ್ಲಿದ್ದ ಉತ್ತರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬೇರೆ ಬೇರೆ ಇದ್ದವು.

ನನಗಿಂತ ಮೊದಲು ಇಲ್ಲಿದ್ದವರು ಒಮ್ಮೆ ಲಿನಕ್ಸನ್ನು ಹೊಸದು ಮಾಡಿದ್ದರು. ಆಗ ಕೆಲವು ಪರೀಕ್ಷೆ ಫೇಲಾಗಿವೆ. ದಶಮಾಂಶದ ಕೊನೆಯಲ್ಲಿ ಏನೋ ಸಣ್ಣ ವ್ಯತ್ಯಾಸ ಇರಬೇಕು, ಲಿನಕ್ಸ್ ಬದಲಾದಾಗ ಅದು ಸಹಜ ಎಂದುಕೊಂಡು, ಕಂಪ್ಯೂಟರ್ ಅವತ್ತು ಕೊಟ್ಟ ಉತ್ತರಗಳನ್ನೇ ಮೊದಲಿದ್ದವನ್ನು ಅಳಿಸಿ ‘ಸರಿ ಉತ್ತರ’ ಎಂದು ಬರೆದುಬಿಟ್ಟಿದ್ದಾರೆ. ಹಾಗೆ ಮಾಡುವುದಕ್ಕೂ ಒಂದು ಆಜ್ಞೆ ಇದೆ. ಹಾಗೆ ಫೇಲಾದವುಗಳಲ್ಲಿ ಸಣ್ಣದಲ್ಲದ ವ್ಯತ್ಯಾಸಗಳೂ ಇದ್ದವು. ಅವತ್ತಿನಿಂದ ಹಳೆಯ ಕಂಪ್ಯೂಟರ್ ತನ್ನ ಉತ್ತರವನ್ನು ತನ್ನ ಉತ್ತರದ ಜೊತೆಗೇ ತಾಳೆ ನೋಡಿ ಪಾಸಾಗುತ್ತಿದೆ. ಎಷ್ಟು ಸಲ ಬೇಕಾದರೂ ಪಾಸಾಗುತ್ತದೆ. ನಾನು ಮೊದಲು ಹೊಸದಕ್ಕೆ ನಕಲು ಮಾಡಿಕೊಂಡದ್ದೂ ಆ ಉತ್ತರಗಳನ್ನೇ.

ಯಾವುದು ನಿಜ ಎಂದು ನೋಡಲು ನೀರಿನ ತೊಟ್ಟಿಯೊಂದೇ ದಾರಿ. ತೊಟ್ಟಿಯೊಳಗೆ ಮೂಳೆಯಂಥ ಒಂದು ಹಲಗೆ ಇಟ್ಟು, ಕಿರಣ ಬಿಟ್ಟು, ಹಲಗೆಯ ಹಿಂದೆ ಎಷ್ಟು ಬಿತ್ತು ಎಂದು ಅಳೆಯುತ್ತಾರೆ. ಅಳೆದೆ. ಹೊಸ ಕಂಪ್ಯೂಟರ್ ಹೇಳಿದ್ದೇ ಬಂತು. ಮೂಳೆಯ ಹತ್ತಿರ ಹಳೆಯದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಮಾವ, ನಿಮ್ಮ ಲೆಕ್ಕ ಹಳೆಯದರಲ್ಲಿ ಆದದ್ದು. ನಿಮ್ಮ ಗಡ್ಡೆ ಮೂಳೆಗೆ ಅಂಟಿಕೊಂಡಿದೆ. ಹೊಸದರಲ್ಲಿ ಹಾಕಿ ನೋಡಿದೆ. ಹುರಿಗೆ ಬೀಳುವುದು ಮಿತಿ ಮೀರುತ್ತದೆ. ಸ್ವಲ್ಪವಲ್ಲ.

ತೊಟ್ಟಿಯಲ್ಲಿ ಇನ್ನೊಂದು ಸಲ ಅಳೆದು, ಆಮೇಲೆ ಸಾಹೇಬರಿಗೆ ಹೇಳುತ್ತೇನೆ.

ಕಡ್ಡಿ


ಫೆಬ್ರವರಿ ೨೩

ಕಡ್ಡಿ,

ನೀನು ಹುಟ್ಟಿದಾಗಲೇ ನಿನ್ನ ಅಮ್ಮನಿಗೆ ಹೇಳಿದ್ದೆ, ಅಕ್ಕಾ ಇವಳು ದೊಡ್ಡವಳಾಗಿ ಯಾರ ಮನೆಯಲ್ಲಾದರೂ ಹುಳುಕು ಹುಡುಕುತ್ತಾಳೆ ಎಂದು. ನನ್ನ ಮನೆಗೇ ಬರಬೇಕಿತ್ತೇ?

ತಮಾಷೆ ಸಾಕು.

ಒಂದು ಮಾತು ಕೇಳುತ್ತೇನೆ. ನಾನು ನಿನ್ನನ್ನು ಇದುವರೆಗೆ ಏನೂ ಕೇಳಿಲ್ಲ. ಸಾಹೇಬರಿಗೆ ಈಗಲೇ ಹೇಳಬೇಡ. ಏಪ್ರಿಲ್ ಮುಗಿಯಲಿ. ಮಾರ್ಚಲ್ಲಿ ನನಗೆ ಕಿರಣ ಶುರುವಾಗುತ್ತದೆ, ಅಷ್ಟರಲ್ಲಿ ಮುಗಿಯುತ್ತದೆ. ಅಲ್ಲಿಯವರೆಗೆ ನಿನ್ನ ತೊಟ್ಟಿಯಲ್ಲಿ ಅಳೆಯುತ್ತಲೇ ಇರು, ಯಾರು ಬೇಡ ಅನ್ನುತ್ತಾರೆ? ಇಷ್ಟು ವರ್ಷ ಯಾರೂ ನೋಡದ ತಪ್ಪು ಇನ್ನೆರಡು ತಿಂಗಳು ಇದ್ದರೆ ಆಕಾಶ ಬೀಳುವುದಿಲ್ಲ.

ಹುರಿ ಸುಟ್ಟರೆ ಕಾಲು ಹೋಗುತ್ತದೆ, ಅಷ್ಟೇ ತಾನೆ? ಹೋಗಲಿ. ಕೂತು ಪಂಪು ಬಿಚ್ಚುತ್ತೇನೆ, ಪಂಪಿಗೇನು ನಿಂತೇ ಬಿಚ್ಚಬೇಕೆಂದಿದೆಯೇ? ಗಡ್ಡೆಯೊಂದು ಸುಡಲಿ. ಒಪ್ಪಿದೆ ಎಂದು ಬೇಕಾದರೆ ಹೆಬ್ಬೆಟ್ಟು ಒತ್ತಿ ಕೊಡುತ್ತೇನೆ. ಸಹಿ ಬರುತ್ತದೆ, ಆದರೂ ಒತ್ತುತ್ತೇನೆ.

ಬೇರೆಯವರ ಮಾತು ಬೇಡ. ನನ್ನ ಮಾತು ಹೇಳುತ್ತಿದ್ದೇನೆ. ನನಗೆ ಬದುಕಬೇಕು ಕಣೇ.

ಮಾವ


ಮಾರ್ಚ್ ೪

ಮಾವ,

ನಿಮ್ಮ ಕಾಗದ ಬರುವುದಕ್ಕೆ ಮೊದಲೇ ಹೇಳಿಬಿಟ್ಟಿದ್ದೆ ಎಂದು ಬರೆಯಬಹುದಿತ್ತು. ಹಾಗಲ್ಲ. ಓದಿದ ಮೇಲೆ ಹೇಳಿದೆ. ಒಂದು ದಿನ ಸುಮ್ಮನಿದ್ದೆ. ಆ ದಿನ ಬೇರೊಂದು ಆಸ್ಪತ್ರೆಯಿಂದ ಬೆನ್ನಿನ ಫೈಲು ಒಂದು ಬಂತು, ಹಳೆಯ ಕಂಪ್ಯೂಟರಿಗೆ ಹಾಕಿ ಎಂದು ಕೈಗೆ ಕೊಟ್ಟರು. ಹಾಕಲಾಗಲಿಲ್ಲ.

ನಮ್ಮಿಂದ ಲೆಕ್ಕ ಪಡೆಯುವ ಎಲ್ಲ ಆಸ್ಪತ್ರೆಗಳಲ್ಲೂ ಕಿರಣ ಕೊಡುವುದನ್ನು ನಿಲ್ಲಿಸಿದ್ದಾರೆ. ಎಲ್ಲರ ಲೆಕ್ಕವೂ ಮತ್ತೆ ಆಗಬೇಕು.

ನಿಮಗೆ ಕಾಲು ಮಾತ್ರ ಹೋಗುವುದಲ್ಲ. ಗಡ್ಡೆ ಇರುವುದು ಕತ್ತಿನ ಬುಡದಲ್ಲಿ. ಅಲ್ಲಿ ಹುರಿ ಹೋದರೆ ಕೈಯೂ ಹೋಗುತ್ತದೆ. ಹುರಿ ಉಳಿಯುವಷ್ಟೇ ಕಿರಣ ಕೊಟ್ಟರೆ ಗಡ್ಡೆ ಸಾಯುವುದಿಲ್ಲ. ನೋವು ಕಡಿಮೆಯಾಗಬಹುದು ಎಂದು ಡಾಕ್ಟರಿಗೆ ಬರೆದಿದ್ದೇವೆ. ಅವರು ನಿಮ್ಮನ್ನು ಕರೆಯುತ್ತಾರೆ.

ಬೈದಾದರೂ ಬರೆಯಿರಿ.

ಕಡ್ಡಿ


ಏಪ್ರಿಲ್ ೧೯

ಕಡ್ಡಿಗೆ,

ನಿನ್ನ ಕಾಗದಗಳೆಲ್ಲ ಅಂಗಡಿಗೆ ಬಂದಿವೆ. ಒಡೆಯದೆ ಇಟ್ಟಿದ್ದೆ. ಇವತ್ತು ಒಟ್ಟಿಗೆ ಒಡೆದೆ. ಎಲ್ಲದರಲ್ಲೂ ‘ಹೇಗಿದ್ದೀರಿ’ ಎಂದು ಕೇಳಿದ್ದೀಯ. ಹೇಗಿರಲಿ?

ನೋವಿಗೆಂದು ಕಿರಣ ಕೊಟ್ಟರು. ಐದೇ ಸಲ. ನನ್ನ ಮೈಗೆ ಮಾಡಿದ ಅಚ್ಚನ್ನೇ ಹಾಕಿ ಮಲಗಿಸಿದರು. ನೋವು ಇಳಿದಿದೆ. ಎಡಗಾಲು ಈಗ ಹೇಳಿದ ಮಾತು ಕೇಳುವುದಿಲ್ಲ, ಬಲಗೈ ಹಿಡಿತವೂ ಸಡಿಲವಾಗಿದೆ. ಗಡ್ಡೆಯೇ ಹುರಿಯನ್ನು ಒತ್ತುತ್ತಿದೆಯಂತೆ. ಯಾವುದಕ್ಕೆ ಹೆದರಿ ನೀವೆಲ್ಲ ನನಗೆ ಪೂರ್ತಿ ಕಿರಣ ಕೊಡದೆ ನಿಲ್ಲಿಸಿದಿರೋ ಅದೇ ನಿಧಾನವಾಗಿ ಬರುತ್ತಿದೆ. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಹೇಳುತ್ತಿದ್ದೇನೆ, ಯಾಕೆಂದರೆ ಸಿಟ್ಟಿದೆ.

ಆಸ್ಪತ್ರೆಯ ಬೆಂಚಿನ ಮಾತು ಕೇಳು. ಕೆಲಸ ನಿಂತ ವಾರ ಎಲ್ಲರೂ ಅಲ್ಲೇ ಬಿದ್ದಿದ್ದೆವು. ಕಂಡಕ್ಟರ್ ನನ್ನ ಪಕ್ಕ ಬಂದು ಕೂತ.

“ಯಾರೋ ಒಬ್ಬಳು ಕಡ್ಡಿ ಆಡಿಸಿದಾಳಂತೆ ಅಣ್ಣಾ. ಚೆನ್ನಾಗಿ ನಡೀತಿತ್ತು, ತಪ್ಪು ಅಂತ ನಿಲ್ಸಿದಾಳಂತೆ. ನಿಮ್ಮ ಅಕ್ಕನ ಮಗಳು ಅಲ್ಲೇ ಅಲ್ವಾ? ಯಾರಂತೆ ಅವಳು?”

“ನಮ್ಮ ಹುಡುಗಿ ಈಗ ಅಲ್ಲಿಲ್ಲ. ಬೇರೆ ಕಡೆ ಹೋದಳು” ಎಂದೆ.

“ಕೈ ಮುರೀಬೇಕು ಅಂಥೋಳ್ದು.”

“ಮುರೀಬೇಕು” ಎಂದೆ.

ಆ ಹೊತ್ತಿಗೆ ಒಳಗಿಂದ ಒಬ್ಬ ಹೊಲಿಗೆಯಾಕೆಯನ್ನು ಗಾಲಿಕುರ್ಚಿಯಲ್ಲಿ ತಂದರು. ಅವಳಿಗೆ ಹೋದ ವರ್ಷವೇ ಕಿರಣ ಮುಗಿದಿತ್ತಂತೆ, ನಿಮ್ಮ ಹಳೆಯ ಕಂಪ್ಯೂಟರಿನ ಲೆಕ್ಕದಲ್ಲಿ. ಮತ್ತೆ ಪರೀಕ್ಷೆಗೆ ಕರೆಸಿದ್ದರು. ಚಪ್ಪಲಿ ಕಾಲಿಂದ ಜಾರಿ ಬಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಕಂಡಕ್ಟರ್ ಬಗ್ಗಿ ಎತ್ತಿ ತೊಡಿಸಿದ.

ನೀನು ಮಾಡಿದ್ದು ಸರಿ ಎಂದು ಅವತ್ತೇ ಗೊತ್ತಾಯಿತು. ಗೊತ್ತಾದ ಮೇಲೂ ಸಿಟ್ಟು ಇಳಿಯಲಿಲ್ಲ ಕಣೇ. ಎರಡೂ ಒಟ್ಟಿಗೇ ಇವೆ. ಇಂಥ ಮಗಳಿದ್ದಾಳೆ ಎಂದು ಊರೆಲ್ಲ ಸಾರಿಕೊಂಡು ಬರಬಹುದಾಗಿದ್ದ ಒಂದೇ ಒಂದು ಸಂಗತಿ ಜೀವನದಲ್ಲಿ ಸಿಕ್ಕಿತು, ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ.

ಕಂಡಕ್ಟರನ ಹೊಸ ಲೆಕ್ಕ ಸರಿ ಬಂದಿದೆಯಂತೆ. ದವಡೆ ಹಿಡಿದುಕೊಂಡೇ ನಕ್ಕು ಹೇಳಿದ. ನನಗೆ ಹೊಟ್ಟೆ ಉರಿಯಿತು. ಹೋಗಿಬಾ ಎಂದೆ.

ಮಾವ


ಮೇ ೬

ಮಾವ,

ಹಳೆಯ ಕಂಪ್ಯೂಟರನ್ನು ಬಿಚ್ಚಿಟ್ಟಿದ್ದಾರೆ. ಹೊಸದರ ಪರೀಕ್ಷೆಗಳೆಲ್ಲ ಮುಗಿದವು. ತೊಟ್ಟಿಯ ಅಳತೆಗೂ ಅದರ ಉತ್ತರಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಸಾಹೇಬರು ಎಲ್ಲರ ಮುಂದೆ ಕೈ ಕುಲುಕಿದರು.

ನಿಮ್ಮ ಫೈಲನ್ನು ನಾನು ಮುಚ್ಚಿಲ್ಲ. ಬೇರೆ ಬೇರೆ ಕೋನದಿಂದ ಕಿರಣ ಬಿಟ್ಟ ಹಾಗೆ ಲೆಕ್ಕ ಹಾಕುತ್ತಿದ್ದೇನೆ. ಬಲಗಡೆಯಿಂದ, ಹಿಂದಿನಿಂದ, ಓರೆಯಾಗಿ, ಸಣ್ಣಸಣ್ಣ ತುಂಡು ಮಾಡಿ. ಕಂಪ್ಯೂಟರಿಗೆ ಬೇರೆ ಕೆಲಸ ಇಲ್ಲದಾಗಲೆಲ್ಲ ಅದೇ ಓಡುತ್ತಿರುತ್ತದೆ. ನಿನ್ನೆ ಒಂದರಲ್ಲಿ ಹುರಿಗೆ ಸ್ವಲ್ಪ ಕಡಿಮೆ ಬಂತು. ಮಿತಿಗಿಂತ ಇನ್ನೂ ಮೇಲೆಯೇ ಇದೆ. ಆದರೂ ಕಡಿಮೆ ಬಂತು. ಇನ್ನಷ್ಟು ಕೋನಗಳು ಉಳಿದಿವೆ.

ಕಡ್ಡಿ


ಜೂನ್ ೩

ಕಡ್ಡಿ ಮಗಳೇ,

ಅಕ್ಷರ ಓಡಾಡಿದ್ದರೆ ಬೈಯಬೇಡ, ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದೇನೆ. ಕ್ಷೌರದಂಗಡಿಯವನು ನೋಡಿ ನಿಮ್ಮ ಬಲಗೈ ಅಕ್ಷರಕ್ಕಿಂತ ಇದೇ ವಾಸಿ ಎಂದ. ಅವನಿಗೆ ಎರಡು ಬೈದು ಕಳಿಸಿದೆ. ಬೈಯುವುದಕ್ಕೆ ಇನ್ನೂ ಏನೂ ಆಗಿಲ್ಲ.

ನಿನ್ನ ಕೋನಗಳ ಕಾಗದ ಓದಿ ಡಾಕ್ಟರನಿಗೆ ತೋರಿಸಿದೆ. ಅವನು ಬಹಳ ಹೊತ್ತು ಓದಿದ. “ಯಜಮಾನ್ರೇ, ಗಡ್ಡೆ ಈಗ ಹುರಿಯನ್ನ ಸುತ್ತಿಕೊಂಡಿದೆ. ಅವರ ಹತ್ರ ಇರೋದು ಡಿಸೆಂಬರಲ್ಲಿ ತೆಗೆದ ಹಳೇ ಸ್ಕ್ಯಾನ್ ಚಿತ್ರ” ಎಂದ. ಅಂದರೆ ನೀನು ದಿನವೂ ಕೋನ ಬದಲಾಯಿಸಿ ಲೆಕ್ಕ ಹಾಕುತ್ತಿರುವುದು ಡಿಸೆಂಬರಿನ ನನ್ನ ಬೆನ್ನಿಗೆ. ಆ ಬೆನ್ನು ಈಗ ನನ್ನ ಹತ್ತಿರ ಇಲ್ಲ. ಸರಿ ಉತ್ತರ ಬಂದರೂ ಅದನ್ನು ಯಾರಿಗೆ ಕೊಡುತ್ತೀಯ? ಆ ಫೈಲು ಮುಚ್ಚಿಬಿಡು. ನಾನು ಮೊದಲೊಮ್ಮೆ ಕೇಳಿದ್ದನ್ನು ನೀನು ಮಾಡಲಿಲ್ಲ. ಇದನ್ನಾದರೂ ಮಾಡು.

ನಿನ್ನ ಅತ್ತೆಗೆ ಹೇಳಿದೆ. ನಾನಾಗಿ ಹೇಳಲಿಲ್ಲ. ಕಾಲು ಉಜ್ಜುತ್ತಾ ಕೂತವಳು ಕೇಳಿದಳು, “ಏನ್ರೀ, ಎಷ್ಟು ದಿನ ಆಯ್ತು ನೀವು ಒಂದು ಬುರುಡೆ ಬಿಟ್ಟು? ನರದ ಗಂಟಿಗೆ ಹೀಗಾಗತ್ತಾ?” ಎಂದು. ಬಾಯಿ ಬಿಟ್ಟೆ, ಬುರುಡೆ ಬರಲಿಲ್ಲ. ಇದ್ದದ್ದೇ ಬಂತು. ಗಡ್ಡೆ, ಹಳೆಯ ಲೆಕ್ಕ, ಹೊಸ ಲೆಕ್ಕ, ನೀನು, ಎಲ್ಲ. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ, “ಅವಳು ಊಟ ತಿಂಡಿ ಸರಿಯಾಗಿ ಮಾಡ್ತಿದಾಳಂತಾ?” ಎಂದಳು. ನಿನ್ನ ಬಗ್ಗೆಯೇ ಕೇಳಿದ್ದು. ಉತ್ತರ ಅವಳಿಗೇ ಬರೆ. ಇನ್ನು ಮನೆಗೇ ಹಾಕಬಹುದು.

ಆಮೇಲೆ ಕೇಳಿದಳು. “ಡಾಕ್ಟ್ರು ಎಷ್ಟು ದಿನ ಅಂದ್ರು?”

“ಒಂದು ವರ್ಷ ಅಂದ್ರು.”

ಡಾಕ್ಟರ್ ಅಂದದ್ದು ಅಷ್ಟೇ. ಒಂದು ದಿನವನ್ನೂ ನಾನು ಸೇರಿಸಲಿಲ್ಲ.

ಮದುವೆಯಾದಾಗಿನಿಂದ ಅವಳದೊಂದು ಪದ್ಧತಿ ಇದೆ. ನಾನು ಏನೇ ಹೇಳಿದರೂ ಅರ್ಧ ಕಳೆದು ಉಳಿದದ್ದನ್ನು ನಂಬುವುದು. ನಾಲ್ಕು ಪಂಪು ರಿಪೇರಿ ಮಾಡಿದೆ ಎಂದರೆ ಎರಡು. ಒಂದು ಗಂಟೆಯಲ್ಲಿ ಬರುತ್ತೇನೆ ಎಂದರೆ ಆ ಹೊತ್ತಿಗೆ ಅರ್ಧ ದಾರಿಯಲ್ಲಿರುತ್ತೇನೆ ಎಂದೇ ಅವಳ ಲೆಕ್ಕ. ಕೋಪದಿಂದಲ್ಲ, ಲೇವಡಿಯಿಂದಲೂ ಅಲ್ಲ, ಅನ್ನ ಬಡಿಸಿದಷ್ಟೇ ಸಹಜವಾಗಿ ಕಳೆಯುತ್ತಾಳೆ.

“ಅಂದ್ರೆ ಆರು ತಿಂಗಳು” ಎಂದಳು.

“ಇಲ್ಲ ಕಣೇ, ಸುಳ್ಳಲ್ಲ. ವರ್ಷವೇ ಅಂದ್ರು.”

“ಹೂಂ, ಆಯ್ತು ಬಿಡಿ” ಎಂದು ಎದ್ದು ಕೈ ತೊಳೆದುಕೊಂಡಳು.

ಮರುದಿನ ನನಗೆ ಅಂಗಡಿ ಬಾಡಿಗೆಗೆ ಕೊಟ್ಟವನ ಮನೆಗೆ ಹೋಗಿ, ನವೆಂಬರ್ ಕೊನೆಗೆ ಅಂಗಡಿ ಬಿಟ್ಟುಕೊಡುತ್ತೇವೆ ಎಂದು ಹೇಳಿ ಬಂದಿದ್ದಾಳೆ. ಜಗಳ ಮಾಡೋಣ ಎಂದುಕೊಂಡೆ. ಡಾಕ್ಟರನನ್ನೇ ಕರೆಸಿ ಅವಳ ಮುಂದೆ ಹೇಳಿಸೋಣ ಎಂದೂ ಅನ್ನಿಸಿತು. ಸುಮ್ಮನಾದೆ. ಇಷ್ಟು ವರ್ಷಗಳಲ್ಲಿ ಅವಳ ಲೆಕ್ಕ ಒಂದು ಸಲವಾದರೂ ತಪ್ಪಿದ್ದು ನನಗೆ ನೆನಪಿಲ್ಲ.

ಮಾವ